ಹಳೇ ಗೇಮ್, ಹೊಸ ಟಿವಿ: ಮಾಡ್ ಹಾಕಿಸುವ ಮುಂಚೆ ದೋಷ ಪತ್ತೆ ಮಾಡುವ ಬಗೆ

ಅಟ್ಟದ ಮೇಲಿದ್ದ ಗೇಮ್ ಕನ್ಸೋಲ್ ಇಳಿಸಿ ಹೊಸ ಎಲ್‌ಇಡಿ ಟಿವಿಗೆ ಹಾಕಿದರೆ ಮೊದಲ ಸಲವೇ ಚಿತ್ರ ಸರಿಯಾಗಿ ಬರುವುದು ಕಡಿಮೆ. ಒಬ್ಬರಿಗೆ ಕಪ್ಪು-ಬಿಳುಪು, ಒಬ್ಬರಿಗೆ ಉರುಳುವ ಚಿತ್ರ, ಇನ್ನೊಬ್ಬರಿಗೆ ಬರೀ ‘ನೋ ಸಿಗ್ನಲ್’. ಮೈಸೂರು, ಮಂಡ್ಯ ಕಡೆಯ ಗೆಳೆಯರು ಇಂಥದ್ದನ್ನು ತಂದಾಗ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ಎಚ್‌ಡಿಎಂಐ ಮಾಡ್ ಹಾಕಿಸಿದ್ರೆ ಸರಿಹೋಗುತ್ತಾ?’

ಮಾಡ್ ಅಂದರೆ ಕನ್ಸೋಲ್ ಬಿಚ್ಚಿ ಒಳಗೆ ಹೊಸ ಬೋರ್ಡೋ ತಂತಿಯೋ ಸೇರಿಸಿ ಮಾಡುವ ಮಾರ್ಪಾಡು. ಅದನ್ನು ಹಾಕಿಸುವ ಮಾತು ಆಮೇಲೆ. ಕನ್ಸೋಲ್, ಕೇಬಲ್, ಟಿವಿ, ಈ ಮೂರರಲ್ಲಿ ಚಿತ್ರ ಎಲ್ಲಿ ಕೆಡುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಯಾವ ಮಾಡ್ ಬೇಕು ಅನ್ನುವುದಕ್ಕೂ ನಿಮ್ಮ ಟಿವಿಯ ಜಾಕ್ ನೋಡಿದರೆ ಸಾಲದು. ಕನ್ಸೋಲಿನ ಚಿಪ್ ಎಂಥ ಸಿಗ್ನಲ್ ಕೊಡುತ್ತದೆ ಅನ್ನುವುದೇ ಅದನ್ನು ತೀರ್ಮಾನಿಸುತ್ತದೆ. ಇದನ್ನು ನೋಡದೆ ದುಡ್ಡು ಸುರಿದವರು ನನಗೆ ಗೊತ್ತು. ಮಾಡ್ ಚೆನ್ನಾಗಿಯೇ ಕೂತಿತ್ತು, ದೋಷ ಮಾತ್ರ ಹಾಗೇ ಇತ್ತು.

ಮೊದಲು ಡಬ್ಬಾ ಟಿವಿ

ಅದೇ ಕನ್ಸೋಲು, ಅದೇ ಕೇಬಲು ಹಿಡಿದು ಪಿಕ್ಚರ್ ಟ್ಯೂಬಿನ ಹಳೇ ಟಿವಿಗೆ ಹಾಕಿ ನೋಡಿ. ಊರ ಕಡೆಯ ಮನೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಇವು ಇನ್ನೂ ಸಿಗುತ್ತವೆ. ಅದರಲ್ಲಿ ಚಿತ್ರ ಚೊಕ್ಕವಾಗಿ ಬಂದರೆ ಕನ್ಸೋಲ್, ಕೇಬಲ್ ಎರಡೂ ಸರಿ ಇವೆ. ಬಿಚ್ಚುವ ಅಗತ್ಯವೇ ಇಲ್ಲ. ತೊಂದರೆ ಇರುವುದು ಹೊಸ ಟಿವಿ ಆ ಸಿಗ್ನಲ್ಲನ್ನು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ. ಅಲ್ಲೂ ಅದೇ ದೋಷ ಕಂಡರೆ ಕೇಬಲ್ ಬದಲಿಸಿ ನೋಡಿ, ಆಮೇಲೆ ಕನ್ಸೋಲಿಗೆ ಬನ್ನಿ.

ಡಬ್ಬಾ ಟಿವಿಯ ಹಿಂದಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಚಿತ್ರದ ದೋಷವನ್ನೂ ಕ್ಯಾಸೆಟ್ಟಿನ ದೋಷವನ್ನೂ ಬೇರೆ ಮಾಡಿ ನೋಡಬೇಕು. ಪರದೆ ತುಂಬ ಒಂದೇ ಬಣ್ಣ, ಅಥವಾ ಅಂಚು ಚೂಪಾಗಿರುವ ಚೌಕಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ವಿಡಿಯೋ ದಾರಿ ಚೆನ್ನಾಗಿಯೇ ಇದೆ ಅಂತ ಅರ್ಥ. ಕ್ಯಾಸೆಟ್ಟಿನ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಉಫ್ ಅಂತ ಊದಿದರೆ ಎಂಜಲಿನ ತೇವ ಸೇರಿ ಇನ್ನಷ್ಟು ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿ.

ಅಡಾಪ್ಟರ್

ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರ್ ಪಿನ್ನು ಕೂರುತ್ತದೆ ಅಂತ ಸುಮ್ನೆ ಚುಚ್ಚಬೇಡಿ. ರೌಟರಿನದು ಸಾಮಾನ್ಯವಾಗಿ ನಡುವೆ ಪಾಸಿಟಿವ್. ಜಪಾನಿನ ಫಾಮಿಕಾಂ (ನಿಂಟೆಂಡೊದ 8-ಬಿಟ್ ಕನ್ಸೋಲ್) ಮತ್ತು ಸೆಗಾ ಮೆಗಾ ಡ್ರೈವ್‌ನ ಮೊದಲ ಮಾದರಿಗೆ ನಡುವೆ ನೆಗೆಟಿವ್ ಬೇಕು. ಮೆಗಾ ಡ್ರೈವ್‌ನ ಎರಡನೇ ಮಾದರಿಗೆ ನಡುವೆ ಪಾಸಿಟಿವ್. ಒಂದೇ ಹೆಸರಿನ ಎರಡು ಕನ್ಸೋಲುಗಳಿಗೆ ತಿರುಗುಮುರುಗು! ಕನ್ಸೋಲಿನ ತಳದಲ್ಲಿ ಚಿತ್ರ ಬರೆದಿರುತ್ತಾರೆ, ಅದನ್ನು ನೋಡಿಯೇ ಹಾಕಿ. ಜಪಾನಿನ ಮೂಲ ಅಡಾಪ್ಟರ್ 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

ಚಿತ್ರದ ಮೇಲೆ ಅಗಲವಾದ ಅಡ್ಡಪಟ್ಟಿ ನಿಧಾನವಾಗಿ ಮೇಲೋ ಕೆಳಗೋ ಹರಿಯುತ್ತಿದ್ದರೆ, ಜೊತೆಗೆ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದಿದ್ದರೆ, ಮೊದಲ ಅನುಮಾನ ಕರೆಂಟಿನ ಮೇಲೆ. ಹಳೇ ಕನ್ಸೋಲುಗಳಲ್ಲಿ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಇರುವುದು ಜಾಸ್ತಿ. ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲು ಒಳಬರುವ ಕರೆಂಟು, ನಡುವಿನದು ಗ್ರೌಂಡ್, ಬಲಗಾಲು ಹೊರಹೋಗುವ 5 ವೋಲ್ಟ್. ಮಲ್ಟಿಮೀಟರಿನಲ್ಲಿ ಬಲಗಾಲು 4.8ರಿಂದ 5.2ರ ಒಳಗೆ ಇರಬೇಕು. ಎಡಗಾಲಿನಲ್ಲಿ 7 ವೋಲ್ಟಿಗಿಂತ ಕಡಿಮೆ ಬಂದರೆ ಅಡಾಪ್ಟರ್ ಸೋತಿದೆ. ಎರಡೂ ಸರಿ ಇದ್ದು ಪಟ್ಟಿ ಹೋಗದಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರಬೇಕು. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟಿನದನ್ನು, ಪಟ್ಟೆ ಇರುವ ನೆಗೆಟಿವ್ ಕಾಲು ನೋಡಿಕೊಂಡು ಹಾಕಿ. ದೊಡ್ಡ ಖರ್ಚಲ್ಲ.

ಕರೆಂಟು ಸರಿಹೋಗದೆ ಮಾಡ್ ಹಾಕಿದರೆ ಅದೇ ಪಟ್ಟಿ ಆರ್‌ಜಿಬಿಯಲ್ಲೂ (ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುವ ಸಿಗ್ನಲ್) ಬರಬಹುದು.

ಕಪ್ಪು-ಬಿಳುಪು ಚಿತ್ರ

ನಾನು ಅತಿ ಹೆಚ್ಚು ನೋಡಿರುವ ದೋಷ ಇದು. ಮಂಡ್ಯದ ನೂರಡಿ ರಸ್ತೆಯ ಗೆಳೆಯರೊಬ್ಬರು ಪ್ಲೇಸ್ಟೇಷನ್ 2 ತಂದಿದ್ದರು. ‘ಗುರೂ, ಬಣ್ಣದ ಚಿಪ್ಪೇ ಹೋಗ್ಬಿಟ್ಟಿದೆಯಂತೆ, ಬೆಂಗ್ಳೂರಿಗೆ ಕಳಿಸ್ಬೇಕಂತೆ’ ಅಂದರು. ಟಿವಿಯ ಹಿಂಭಾಗ ತಿರುಗಿಸಿದರೆ ಹಸಿರು, ನೀಲಿ, ಕೆಂಪು ಜಾಕ್‌ಗಳು. ಹಸಿರು ಜಾಕಿನ ಸುತ್ತ ಅರ್ಧ ಹಳದಿ ಬಣ್ಣ. ಹೊಸ ಟಿವಿಗಳಲ್ಲಿ ಜಾಗ ಉಳಿಸಲು ಕಾಂಪೊಸಿಟ್‌ನ (ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ) ಹಳದಿಯನ್ನೂ ಕಾಂಪೊನೆಂಟ್‌ನ (ಬೆಳಕು, ಬಣ್ಣ ಮೂರು ತಂತಿಗಳಲ್ಲಿ ಬರುವ) ಹಸಿರನ್ನೂ ಒಂದೇ ಜಾಕಿಗೆ ಸೇರಿಸಿರುತ್ತಾರೆ. ಹಳದಿ ತಂತಿ ಅಲ್ಲಿಗೆ ಹಾಕಿ, ಮೆನುವಿನಲ್ಲಿ ಕಾಂಪೊನೆಂಟ್ ಆರಿಸಿದ್ದರೆ ಟಿವಿ ಬೆಳಕಿನ ಭಾಗವನ್ನು ಮಾತ್ರ ಓದುತ್ತದೆ, ಬಣ್ಣ ಬಿಟ್ಟುಬಿಡುತ್ತದೆ. ಸೋರ್ಸ್ ಮೆನುವಿನಲ್ಲಿ ಎವಿ ಅಂತ ಆರಿಸಿದ ತಕ್ಷಣ ಬಣ್ಣ ಬಂತು.

ಹಾಗೆ ಮಾಡಿದರೂ ಬಣ್ಣ ಬರದಿದ್ದರೆ ಕನ್ಸೋಲ್ ಯಾವ ದೇಶದ್ದು ನೋಡಿ. ನಮ್ಮದು ಪಾಲ್ ಪದ್ಧತಿ, ಬಣ್ಣದ ಸಿಗ್ನಲ್ 4.43 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿಯಲ್ಲಿ ಅದು 3.58. ಟಿವಿಯ ಕಲರ್ ಸಿಸ್ಟಂ ಪಾಲ್‌ನಲ್ಲಿ ನಿಂತುಬಿಟ್ಟಿದ್ದರೆ ಎನ್‌ಟಿಎಸ್‌ಸಿ ಕನ್ಸೋಲ್ ಕಪ್ಪು-ಬಿಳುಪಾಗಿ ಕಾಣುತ್ತದೆ. ಮೆನುವಿನಲ್ಲಿ ಆಟೋ ಮಾಡಿ, ಇಲ್ಲವೇ ಎನ್‌ಟಿಎಸ್‌ಸಿ ಆರಿಸಿ. ಕನ್ಸೋಲಿನ ಒಳಗೆ ಬಣ್ಣ ಹೊಂದಿಸುವ ಪುಟ್ಟ ಟ್ರಿಮ್ಮರ್ ಇದ್ದರೆ ಅದನ್ನು ಎಲ್ಲ ಆದ ಮೇಲೆ ಮುಟ್ಟಿ. ಮುಟ್ಟುವ ಮುಂಚೆ ಅದು ಈಗ ಎಲ್ಲಿ ನಿಂತಿದೆ ಅಂತ ಪೆನ್ನಿನಲ್ಲಿ ಗುರುತು ಹಾಕಿ.

ಪ್ಲೇಸ್ಟೇಷನ್ 2ಕ್ಕೆ ಕಾಂಪೊನೆಂಟ್ ಕೇಬಲ್ಲೋ ಎಚ್‌ಡಿಎಂಐ ಡಾಂಗಲ್ಲೋ ಹಾಕಿ ಬಣ್ಣ ವಿಚಿತ್ರವಾಗಿ ಕಂಡರೆ, ಅಥವಾ ಚಿತ್ರವೇ ಬರದಿದ್ದರೆ, ಮತ್ತೆ ಹಳದಿ ಕೇಬಲ್ ಹಾಕಿ ಮೆನು ಕಾಣುವಂತೆ ಮಾಡಿ. ಸಿಸ್ಟಂ ಕಾನ್ಫಿಗರೇಷನ್ ಒಳಗೆ ಕಾಂಪೊನೆಂಟ್ ವಿಡಿಯೋ ಔಟ್ ಅಂತ ಇದೆ. ಅಲ್ಲಿ ಆರ್‌ಜಿಬಿ ಇದ್ದರೆ ವೈ-ಸಿಬಿ-ಸಿಆರ್‌ಗೆ ಬದಲಿಸಿ.

ನೋ ಸಿಗ್ನಲ್, ಉರುಳುವ ಚಿತ್ರ

ಈಗಿನ ಸಣ್ಣ ಟಿವಿಗಳಲ್ಲಿ ಮೂರು ಬಣ್ಣದ ಜಾಕ್ ಇರುವುದಿಲ್ಲ. 3.5 ಮಿಲಿಮೀಟರಿನ ಒಂದು ತೂತು ಇರುತ್ತದೆ, ಅದಕ್ಕೆ ಮೋಟು ಕೇಬಲ್ ಕೊಡುತ್ತಾರೆ. ಆ ಕೇಬಲ್ ಕಳೆದುಹೋಗಿ, ಅಂಗಡಿಯಿಂದ ಬೇರೆಯದು ತಂದಾಗ ಗೋಳು ಶುರು. ಪಿನ್ನಿನಲ್ಲಿ ನಾಲ್ಕು ಭಾಗ ಇರುತ್ತವೆ. ತುದಿಯಿಂದ ಎರಡು ಸಾಮಾನ್ಯವಾಗಿ ಆಡಿಯೋ. ಉಳಿದ ಎರಡರಲ್ಲಿ ಒಂದು ಗ್ರೌಂಡ್, ಒಂದು ವಿಡಿಯೋ. ಯಾವುದು ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ನೋಡಲು ಎಲ್ಲ ಕೇಬಲ್ ಒಂದೇ ಥರ.

ಇದನ್ನು ಪತ್ತೆ ಮಾಡುವ ದಾರಿ ಸುಲಭ. ಟಿವಿಯ ಪ್ಲಗ್ ತೆಗೆದುಬಿಡಿ. ಮೋಟು ಕೇಬಲನ್ನು ಟಿವಿಗೆ ಚುಚ್ಚಿ, ಇನ್ನೊಂದು ತುದಿಯ ಹಳದಿ ಜಾಕಿನ ನಡುವಿಗೂ ಸುತ್ತಲ ಲೋಹಕ್ಕೂ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಟಿವಿಯ ವಿಡಿಯೋ ಜಾಕ್ ಸಾಮಾನ್ಯವಾಗಿ 75 ಓಮ್ ಹತ್ತಿರ ತೋರಿಸುತ್ತದೆ. ಸೊನ್ನೆ ಬಂದರೆ ಹಳದಿ ಗ್ರೌಂಡಿಗೆ ಹೋಗಿದೆ ಅಥವಾ ಶಾರ್ಟ್ ಆಗಿದೆ. ಸಾವಿರಗಟ್ಟಲೆ ಓಮ್ ಬಂದರೆ ಆಡಿಯೋಗೆ ಹೋಗಿದೆ. ಆಗ ಕೆಂಪು, ಬಿಳಿ ಜಾಕ್‌ಗಳನ್ನೂ ಅಳೆಯಿರಿ. 75 ಎಲ್ಲಿ ಸಿಗುತ್ತದೋ ಅಲ್ಲಿಗೆ ಕನ್ಸೋಲಿನ ಹಳದಿ ಹಾಕಿ. ಎಲ್ಲೂ ಸಿಗದಿದ್ದರೆ ಬೇರೆ ಕೇಬಲ್ ತನ್ನಿ.

ಚಿತ್ರ ಇದ್ದೂ ಉರುಳುತ್ತಿದ್ದರೆ ಸಿಂಕ್, ಅಂದರೆ ಗೆರೆ ಎಲ್ಲಿ ಶುರು ಅಂತ ಟಿವಿಗೆ ಹೇಳುವ ಸಂಕೇತ, ಸಿಗುತ್ತಿಲ್ಲ. ವಿಜಿಎ ಮಾನಿಟರಿಗೆ ಬರೀ ಪಿನ್ನು ಬದಲಿಸುವ ಕೇಬಲ್ ಹಾಕಿ ಕಾಯುವವರು ಬಹಳ. ಹಳೇ ಕನ್ಸೋಲುಗಳು ಒಂದು ಸೆಕೆಂಡಿಗೆ ಸುಮಾರು 15,600 ಗೆರೆ ಬರೆಯುತ್ತವೆ, ಅಂದರೆ 15.6 ಕಿಲೋಹರ್ಟ್ಸ್. ವಿಜಿಎ ಮಾನಿಟರಿಗೆ ಕನಿಷ್ಠ 31 ಕಿಲೋಹರ್ಟ್ಸ್ ಬೇಕು. ನಡುವೆ ಗೆರೆಗಳನ್ನು ದುಪ್ಪಟ್ಟು ಮಾಡುವ ಯಂತ್ರ ಇಲ್ಲದೆ ಆ ಕೇಬಲ್ ಕೆಲಸ ಮಾಡುವುದಿಲ್ಲ.

ಬರೀ ಆ್ಯಂಟೆನಾ ತಂತಿ ಇರುವ ಟಿವಿ ಗೇಮಾದರೆ ಕನ್ಸೋಲ್ ಆನ್ ಮಾಡಿ, ಕ್ಯಾಸೆಟ್ ಹಾಕಿ, ಟಿವಿಯಲ್ಲಿ ಅನಲಾಗ್ ಚಾನೆಲ್ ಹುಡುಕಿಸಿ. ಸಿಕ್ಕರೂ ಮಸುಕು ಹೋಗುವುದಿಲ್ಲ. ಇದಕ್ಕೆ ಮಾಡ್ ನಿಜಕ್ಕೂ ಬೇಕು, ಕೆಳಗೆ ಬರೆದಿದ್ದೇನೆ.

ಮಿನುಗು, ಮಾಯವಾಗುವ ನೆರಳು, ತಡವಾಗುವ ಬಟನ್

ಡಬ್ಬಾ ಟಿವಿಯಲ್ಲಿ ಚೆನ್ನಾಗಿದ್ದು ಹೊಸ ಟಿವಿಯಲ್ಲಿ ಮಾತ್ರ ಕೆಟ್ಟರೆ ಹೆಚ್ಚಿನ ಸಲ ಕಾರಣ 240ಪಿ. ಮಾಮೂಲಿ ಎನ್‌ಟಿಎಸ್‌ಸಿ ಟಿವಿ ಸಿಗ್ನಲ್ 480ಐ: ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸರಿ ಗೆರೆಗಳು, ಎರಡು ಬಾಚಣಿಗೆಯ ಹಲ್ಲು ಒಂದರೊಳಗೊಂದು ಕೂರುವಂತೆ. ಹಳೇ ಕನ್ಸೋಲುಗಳು ಹಾಗೆ ಮಾಡುವುದಿಲ್ಲ. ಪ್ರತಿ ಸಲವೂ ಅದೇ 240 ಗೆರೆಗಳ ಮೇಲೆ ಸೆಕೆಂಡಿಗೆ 60 ಸಲ ಬರೆಯುತ್ತವೆ. ಪಾಲ್‌ನಲ್ಲಿ 288 ಗೆರೆ, 50 ಸಲ. ಹೊಸ ಟಿವಿಗಳು ಇದನ್ನು 480ಐ ಅಂತ ತಪ್ಪು ತಿಳಿದು ಎರಡು ಬೇರೆ ಬೇರೆ ಚಿತ್ರಗಳನ್ನು ಹೆಣೆಯುತ್ತವೆ. ಏಟು ಬಿದ್ದ ಆಟಗಾರ ಮಿನುಗಬೇಕಾದಲ್ಲಿ ಗೆರೆಗೆರೆಯಾಗುತ್ತಾನೆ. ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಬರುವ ನೆರಳು ಪೂರ್ತಿ ಮಾಯವಾಗಲೂಬಹುದು. ಅಗ್ಗದ ಎವಿ-ಟು-ಎಚ್‌ಡಿಎಂಐ ಡಬ್ಬಿಗಳು ಮಾಡುವುದೂ ಇದನ್ನೇ. ಜೊತೆಗೆ 4:3 ಚಿತ್ರವನ್ನು ಅಗಲಕ್ಕೆ ಎಳೆದುಬಿಡುತ್ತವೆ. ಇವನ್ನು ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬಟನ್ ತಡವಾಗುತ್ತಿದೆ ಅನ್ನಿಸಿದರೆ ಅಳೆದು ನೋಡಬಹುದು. ಮೊಬೈಲಿನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಸಾಕು. ಬೆರಳು, ಬಟನ್, ಪರದೆ ಮೂರೂ ಕಾಣುವಂತೆ ಹಿಡಿದು, ಗೇಮಿನಲ್ಲಿ ಹಾರುವ ಬಟನ್ ಒತ್ತಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪರದೆಯಲ್ಲಿ ಹಾರಿದ ಫ್ರೇಮಿನವರೆಗೆ ಎಣಿಸಿ. ಒಂದೊಂದು ಫ್ರೇಮೂ ಸುಮಾರು 4 ಮಿಲಿಸೆಕೆಂಡ್. ಅದೇ ಗೇಮನ್ನು ಡಬ್ಬಾ ಟಿವಿಯಲ್ಲೂ ಹೀಗೇ ಎಣಿಸಿ, ಕಳೆಯಿರಿ. ಉಳಿದದ್ದು ಹೊಸ ಟಿವಿ ಸೇರಿಸಿದ ತಡ. ಟಿವಿಯ ಗೇಮ್ ಮೋಡ್ ಹಾಕಿ ಮತ್ತೆ ಎಣಿಸಿ. ಎಷ್ಟೋ ಸಲ ಇದೊಂದೇ ಸಾಕಾಗುತ್ತದೆ.

ಸಾಲದಿದ್ದರೆ ಹೊರಗಿಡುವ ಸ್ಕೇಲರ್ ಬೇಕು. ಹಳೇ ಸಿಗ್ನಲ್ಲನ್ನು ಹೊಸ ಟಿವಿಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆ ಅದು. ಓಎಸ್‌ಎಸ್‌ಸಿ ಅನ್ನುವುದು 240ಪಿಯನ್ನು ಸರಿಯಾಗಿ ಗುರುತಿಸಿ, ಗೆರೆಗಳನ್ನು ಎರಡು, ಮೂರು, ನಾಲ್ಕು, ಐದು ಪಟ್ಟು ಮಾಡಿ ಎಚ್‌ಡಿಎಂಐಗೆ ಕೊಡುತ್ತದೆ. ಅದು ಸೇರಿಸುವ ತಡ ಲೆಕ್ಕಕ್ಕೇ ಬರದಷ್ಟು ಕಡಿಮೆ. ಆದರೆ ಅದಕ್ಕೆ ಆರ್‌ಜಿಬಿ ಅಥವಾ ಕಾಂಪೊನೆಂಟ್ ಸಿಗ್ನಲ್ ಬೇಕು, ಹಳದಿ ತಂತಿ ಅದಕ್ಕೆ ಆಗುವುದಿಲ್ಲ. ರೆಟ್ರೋಟಿಂಕ್ 2ಎಕ್ಸ್, 5ಎಕ್ಸ್‌ಗಳು ಹಳದಿ, ಎಸ್-ವಿಡಿಯೋ (ಬೆಳಕು, ಬಣ್ಣ ಎರಡು ತಂತಿಯಲ್ಲಿ ಬರುವುದು) ಎರಡನ್ನೂ ತೆಗೆದುಕೊಳ್ಳುತ್ತವೆ. ಇವನ್ನು ಹೊರದೇಶದಿಂದ ತರಿಸಿದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕವೂ ಬೀಳುತ್ತದೆ. ಕೈಯಲ್ಲಿ ಸೋಲ್ಡರಿಂಗ್ ಇರುವವರಿಗೆ ಜಿಬಿಎಸ್-8200 ಬೋರ್ಡಿಗೆ ಇಎಸ್‌ಪಿ8266 ಅನ್ನುವ ಪುಟ್ಟ ವೈ-ಫೈ ಬೋರ್ಡ್ ಸೇರಿಸಿ ಮಾಡುವ ಜಿಬಿಎಸ್ ಕಂಟ್ರೋಲ್ ಅಗ್ಗದ ದಾರಿ, ಚಿತ್ರವೂ ಚೆನ್ನಾಗಿರುತ್ತದೆ.

ಒಂದು ಸ್ಕೇಲರ್ ಮನೆಯ ಎಲ್ಲ ಕನ್ಸೋಲಿಗೂ ಆಗುತ್ತದೆ. ಒಳಗೆ ಕೂರಿಸಿದ ಎಚ್‌ಡಿಎಂಐ ಮಾಡ್ ಆ ಒಂದಕ್ಕೆ ಮಾತ್ರ. ಎರಡು-ಮೂರು ಕನ್ಸೋಲ್ ಇರುವವರಿಗೆ ನನ್ನ ಸಲಹೆ ಯಾವಾಗಲೂ ಸ್ಕೇಲರ್.

ಯಾವ ಕನ್ಸೋಲಿಗೆ ಯಾವ ಮಾಡ್

ದಸರಾ ವಸ್ತುಪ್ರದರ್ಶನದಲ್ಲೋ ಪೇಟೆಯಲ್ಲೋ ಕೊಂಡ 8-ಬಿಟ್ ಟಿವಿ ಗೇಮ್‌ಗಳೇ ನಮ್ಮಲ್ಲಿ ಜಾಸ್ತಿ. ಇವುಗಳಲ್ಲಿ ಬಹಳಷ್ಟು 1983ರ ಫಾಮಿಕಾಂನ ನಕಲುಗಳು. ಬಿಚ್ಚಿ ನೋಡಿ. ನಲವತ್ತು ಕಾಲಿನ ದೊಡ್ಡ ಚಿಪ್‌ಗಳ ಬದಲು ಬೋರ್ಡಿನ ಮೇಲೆ ಕಪ್ಪು ಅಂಟಿನ ಗುಂಡು ಗುಪ್ಪೆ ಇದ್ದರೆ ಎಲ್ಲವೂ ಅದರೊಳಗೇ ಅಡಕ. ಅದಕ್ಕೆ ಆರ್‌ಜಿಬಿ ಕಿಟ್ ಆಗುವುದಿಲ್ಲ, ಎಚ್‌ಡಿಎಂಐ ಕಿಟ್ಟೂ ಆಗುವುದಿಲ್ಲ. ಯಾರಾದರೂ ಆಗುತ್ತದೆ ಅಂದರೆ ದುಡ್ಡು ಕೊಡಬೇಡಿ. ಆಗುವುದು ಎವಿ ಮಾಡ್. ಆ್ಯಂಟೆನಾ ತಂತಿ ಹೊರಡುವ ತಗಡಿನ ಡಬ್ಬಿ ಇರುತ್ತದಲ್ಲ, ಅದು ಆರ್‌ಎಫ್ ಮಾಡ್ಯುಲೇಟರ್. ಅದರೊಳಗೆ ಹೋಗುವ ತಂತಿಗಳಲ್ಲಿ ಒಂದು 5 ವೋಲ್ಟ್, ಒಂದು ಗ್ರೌಂಡ್, ಉಳಿದವು ವಿಡಿಯೋ ಮತ್ತು ಆಡಿಯೋ. ಮಲ್ಟಿಮೀಟರಿನಲ್ಲಿ 5 ವೋಲ್ಟಿನದನ್ನು ಗುರುತಿಸಿ ದೂರ ಇಡಿ. ಉಳಿದವನ್ನು ಒಂದೊಂದಾಗಿ ಕೆಪಾಸಿಟರ್ ಮೂಲಕ ಟಿವಿಯ ಹಳದಿ ಜಾಕಿಗೆ ಮುಟ್ಟಿಸಿದರೆ ಚಿತ್ರ ಬರುವುದೇ ವಿಡಿಯೋ. ಅದನ್ನು ಡಬ್ಬಿಯಿಂದ ಬಿಡಿಸಿ ಹೊಸ ಜಾಕಿಗೆ ಕೊಡಿ. ಡಬ್ಬಿಗೂ ಜಾಕಿಗೂ ಎರಡಕ್ಕೂ ಕೊಟ್ಟರೆ ಚಿತ್ರ ಮಂಕಾಗುತ್ತದೆ. ಜಾಕಿಗೆ ಒಂದಕ್ಕೇ ಕೊಟ್ಟರೂ ಮಂಕಾಗಿದ್ದರೆ ನಡುವೆ ಬಿಸಿ 557ರಂಥ ಪಿಎನ್‌ಪಿ ಟ್ರಾನ್ಸಿಸ್ಟರಿನ ಬಫರ್ (ಸಿಗ್ನಲ್ಲಿಗೆ ಬಲ ಕೊಡುವ ಸರ್ಕ್ಯೂಟ್) ಬೇಕು.

ನಿಜವಾದ ಫಾಮಿಕಾಂ, ಅದರ ಹೊರದೇಶದ ರೂಪವಾದ ಎನ್‌ಇಎಸ್‌ಗಳ ಕಥೆ ಬೇರೆ. ಅವುಗಳ ಚಿತ್ರದ ಚಿಪ್ ನೇರವಾಗಿ ಕಾಂಪೊಸಿಟ್ಟನ್ನೇ ಕೊಡುತ್ತದೆ, ಆರ್‌ಜಿಬಿ ಹೊರಡುವ ಕಾಲೇ ಇಲ್ಲ. ಟಿಮ್ ವರ್ಥಿಂಗ್ಟನ್ ರೂಪಿಸಿದ ಎನ್‌ಇಎಸ್‌ಆರ್‌ಜಿಬಿ ಬೋರ್ಡ್ ಆ ಚಿಪ್ಪನ್ನು ಬಿಚ್ಚಿಸಿ, ನಡುವೆ ಕೂತು ಬಣ್ಣಗಳನ್ನು ತಾನೇ ಕಟ್ಟಿಕೊಡುತ್ತದೆ. ಕೆಲಸ ಕಷ್ಟದ್ದು. ಚಿಪ್ ಕೀಳುವಾಗ ಬೋರ್ಡಿನ ತಾಮ್ರ ಎದ್ದರೆ ಕನ್ಸೋಲೇ ಹೋಯಿತು. ಡಿಸೋಲ್ಡರಿಂಗ್ ಗನ್ ಇಲ್ಲದವರಿಗೆ ಕೊಡಬೇಡಿ.

ಮೆಗಾ ಡ್ರೈವ್‌ಗೆ ಮಾಡ್ ಬೇಕೇ ಇಲ್ಲ. ಆರ್‌ಜಿಬಿ ಹಿಂದಿನ ಜಾಕಿನಲ್ಲೇ ಇದೆ, ಕೇಬಲ್ ಮತ್ತು ಸ್ಕೇಲರ್ ಸಾಕು. ಹಳದಿ ತಂತಿಯಲ್ಲಿ ಗೇಮಿನೊಳಗಿನ ಜಲಪಾತದ ಮೇಲೆ ಕಾಣುವ ಕಾಮನಬಿಲ್ಲಿನ ಪಟ್ಟಿಗಳು ಆರ್‌ಜಿಬಿಯಲ್ಲಿ ಹೋಗುತ್ತವೆ. ಮೊದಲ ಮಾದರಿಯಲ್ಲಿ ಸ್ಟೀರಿಯೋ ಸದ್ದು ಮುಂದಿನ ಹೆಡ್‌ಫೋನ್ ಜಾಕಿನಲ್ಲಿ ಮಾತ್ರ. ಪಾಲ್ ಮಾದರಿಗೆ 50-60 ಹರ್ಟ್ಸ್ ಸ್ವಿಚ್ ಹಾಕಿಸುವುದು ಮಾತ್ರ ನಿಜಕ್ಕೂ ಯೋಗ್ಯ. 60 ಹರ್ಟ್ಸ್‌ಗೆ ಮಾಡಿದ ಗೇಮ್ 50ರಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತದೆ.

ಸೂಪರ್ ನಿಂಟೆಂಡೊದಲ್ಲೂ ಆರ್‌ಜಿಬಿ ಇದೆ, ಕೊನೆಗೆ ಬಂದ ಪುಟ್ಟ ಮಾದರಿ ಬಿಟ್ಟು. ಕೇಬಲ್ ಕೊಳ್ಳುವಾಗ ಹುಷಾರು. ಎನ್‌ಟಿಎಸ್‌ಸಿ ಕೇಬಲಿನಲ್ಲಿ 220 ಮೈಕ್ರೋಫ್ಯಾರಡ್ ಕೆಪಾಸಿಟರ್, ಪಾಲ್ ಕೇಬಲಿನಲ್ಲಿ 75 ಓಮ್ ರೆಸಿಸ್ಟರ್. ಅದಲು ಬದಲಾದರೆ ಬೆಳಕಿನ ಮಟ್ಟ ಕೆಡುತ್ತದೆ, ಮುಖ್ಯವಾಗಿ ಪಾಲ್ ಕನ್ಸೋಲಿಗೆ ಎನ್‌ಟಿಎಸ್‌ಸಿ ಕೇಬಲ್ ಹಾಕಿದಾಗ ಕಣ್ಣು ಕುಕ್ಕುತ್ತದೆ.

ನಿಂಟೆಂಡೊ 64ಕ್ಕೆ ಮಾತ್ರ ಒಳಗಿನ ಎಚ್‌ಡಿಎಂಐ ಕಿಟ್ ದುಡ್ಡಿಗೆ ತಕ್ಕದ್ದು ಅಂತ ನನ್ನ ಅಭಿಪ್ರಾಯ. ಆರಂಭದ ಕೆಲವು ಎನ್‌ಟಿಎಸ್‌ಸಿ ಬೋರ್ಡುಗಳಿಗೆ ಆರ್‌ಜಿಬಿ ಆ್ಯಂಪ್ಲಿಫೈಯರ್ ಕೂರಿಸಬಹುದು, ಉಳಿದ ಹೆಚ್ಚಿನವಕ್ಕೆ ಆ ದಾರಿ ಇಲ್ಲ. ಕಿಟ್ಟಿನ ಸೋಲ್ಡರಿಂಗ್ ಕೂದಲೆಳೆಯಷ್ಟು ಸಣ್ಣ ಕಾಲುಗಳ ಮೇಲೆ, ಕಲಿಯುವವರ ಕೆಲಸವಲ್ಲ. ಡ್ರೀಮ್‌ಕಾಸ್ಟ್ ಬಹುತೇಕ ಗೇಮ್‌ಗಳಿಗೆ ತಾನೇ ವಿಜಿಎ 480ಪಿ ಕೊಡುತ್ತದೆ. ಪ್ಲೇಸ್ಟೇಷನ್ 1ರಲ್ಲಿ ಆರ್‌ಜಿಬಿ, 2ರಲ್ಲಿ ಕಾಂಪೊನೆಂಟ್ ಹಿಂದಿನ ಜಾಕಿನಲ್ಲೇ ಇವೆ. ಇವುಗಳನ್ನು ಬಿಚ್ಚಬೇಡಿ.

ಮಾಡ್ ಆದ ಮೇಲೂ ತೊಂದರೆ ಇದ್ದರೆ

ಚಿತ್ರ ವಿಪರೀತ ಬೆಳ್ಳಗಿದ್ದರೆ 75 ಓಮ್ ರೆಸಿಸ್ಟರ್ ಎಲ್ಲೋ ತಪ್ಪಿಹೋಗಿದೆ. ತೀರಾ ಮಂಕಾಗಿದ್ದರೆ ಅದು ಎರಡು ಕಡೆ ಸೇರಿದೆ. ಪರದೆ ಬೆಳ್ಳಗಾದಾಗಲೆಲ್ಲ ಸ್ಪೀಕರ್ ಝೇಂಕರಿಸಿದರೆ ವಿಡಿಯೋ ತಂತಿ ಆಡಿಯೋ ತಂತಿಯ ಪಕ್ಕದಲ್ಲೇ ಓಡುತ್ತಿದೆ. ಶೀಲ್ಡ್ ಇರುವ ತಂತಿ ಹಾಕಿಸಿ. ಅಲ್ಲಾಡದೆ ನಿಂತ ತೆಳ್ಳನೆ ಲಂಬ ಗೆರೆಗಳು ಬೋರ್ಡಿನೊಳಗಿನ ಗದ್ದಲ. ವಿಡಿಯೋ ತಂತಿಯ ದಾರಿ ಬದಲಿಸಿದರೆ ಕಡಿಮೆಯಾಗಬಹುದು, ಪೂರ್ತಿ ಹೋಗುವ ಭರವಸೆ ಕೊಡಲಾರೆ.

ಸ್ಕೇಲರ್ ಹಾಕಿದ ಮೇಲೆ ಟಿವಿ ಕಪ್ಪಾಗಿ ಕಪ್ಪಾಗಿ ಬಂದರೆ ಮೊದಲು ಗೆರೆಗಳನ್ನು ಎರಡೇ ಪಟ್ಟು ಮಾಡುವಂತೆ ಇಳಿಸಿ ನೋಡಿ. ಐದು ಪಟ್ಟನ್ನು ಎಲ್ಲ ಟಿವಿಗಳೂ ಒಪ್ಪುವುದಿಲ್ಲ. ಎನ್‌ಇಎಸ್, ಸೂಪರ್ ನಿಂಟೆಂಡೊಗಳು ಒಂದು ಗೆರೆಯನ್ನು ಸ್ವಲ್ಪ ಮೋಟಾಗಿ ಬರೆಯುವುದರಿಂದ ಕೆಲವು ಟಿವಿಗಳಿಗೆ ಸಿಂಕ್ ತಪ್ಪುತ್ತದೆ. ಇದಕ್ಕೆ ಡಿಜಿಟ್ಟರ್ ಮಾಡ್ ಅಂತಲೇ ಇದೆ. ಸ್ಕಾರ್ಟ್ (21 ಪಿನ್ನಿನ ಅಗಲವಾದ ಪ್ಲಗ್) ಕೇಬಲಾದರೆ ಯುರೋಪಿನದೋ ಜಪಾನಿನದೋ ಕೇಳಿ ತಿಳಿದುಕೊಳ್ಳಿ. ಪ್ಲಗ್ ಒಂದೇ, ಒಳಗಿನ ತಂತಿಗಳು ಬೇರೆ. ತಪ್ಪಾಗಿ ಹಾಕಿದರೆ ಸ್ಕೇಲರ್ ಹಾಳಾಗಬಹುದು.

ಕೆಲಸಕ್ಕೆ ಕೊಡುವಾಗ ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದಿಡಿ. ಕನ್ಸೋಲಿನ ಮಾದರಿ ಸಂಖ್ಯೆ, ಬೋರ್ಡಿನ ಮೇಲಿನ ಸಂಖ್ಯೆ, ಡಬ್ಬಾ ಟಿವಿಯಲ್ಲಿ ಏನು ಕಂಡಿತು, 7805ರ ವೋಲ್ಟ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಕಿತ್ತ ಹಳೇ ಬಿಡಿಭಾಗಗಳನ್ನು ಕವರಿನಲ್ಲಿ ಹಾಕಿ ವಾಪಸ್ ಕೊಡಲು ಹೇಳಿ. ವಾಪಸ್ ತರುವ ಮುಂಚೆ ಅಲ್ಲೇ ಒಂದು ಗಂಟೆ ಓಡಿಸಿ ನೋಡಿ. ಕೆಲವು ದೋಷಗಳು ಬೋರ್ಡ್ ಕಾದ ಮೇಲೇ ಕಾಣುತ್ತವೆ.